ನಿಗಾ ಗೂಡಿನಲ್ಲಿ ಮೋತಿಯ ಹದಿನೆಂಟು ದಿನ

1987ರ ಮೇ ತಿಂಗಳು. ನಾನು ಆಗ ರಾಯಬಾಗ ತಾಲೂಕಿನ ಒಂದು ದೊಡ್ಡ ಊರಿನಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ತುಮಕೂರು ಕಡೆಯಿಂದ ಅಲ್ಲಿಗೆ ವರ್ಗವಾಗಿ ಬಂದು ಎರಡು ವರ್ಷ ಕಳೆದಿತ್ತು. ಬಾಯಲ್ಲಿ 'ಐತಿ', 'ಬರ್ರಿ' ಸಲೀಸಾಗಿ ಹೊರಡುತ್ತಿದ್ದವು, ಜೋಳದ ರೊಟ್ಟಿ ಅರಗುತ್ತಿತ್ತು. ಊರೆಲ್ಲ ನನಗೆ ತಿಳಿದುಹೋಗಿದೆ ಎಂಬ ಜಂಬವೂ ಸ್ವಲ್ಪ ಬಂದಿತ್ತು. ಆ ಜಂಬವನ್ನು ಇಳಿಸಿದ್ದು ಒಂದು ನಾಯಿ.

ಈಗ ಪರವೂರಿಗೆ ಹೋಗುವವರು ನಾಯಿಯನ್ನು ಬೋರ್ಡಿಂಗ್ ಕೆನಲ್‌ನಲ್ಲಿ ಬಿಟ್ಟು ಹೋಗುತ್ತಾರೆ. ಅಲ್ಲಿ ಅದಕ್ಕೆ ಹಾಸಿಗೆ, ಫ್ಯಾನು, ಹೊತ್ತುಹೊತ್ತಿಗೆ ಊಟ ಎಲ್ಲ ಉಂಟಂತೆ. ನಮ್ಮ ಊರಿನಲ್ಲಿ ಆಗ ಅಂಥದ್ದೇನೂ ಇರಲಿಲ್ಲ. ಮನೆಯವರು ಊರಿಗೆ ಹೋದರೆ ನಾಯಿ ಓಣಿಯ ಪಾಲು. ಇದ್ದದ್ದು ಒಂದೇ, ನಮ್ಮ ಆಸ್ಪತ್ರೆಯ ಹಿತ್ತಲಲ್ಲಿದ್ದ ಕಬ್ಬಿಣದ ಸರಳಿನ ಗೂಡು. ಅದನ್ನು ಕಟ್ಟಿದ್ದು ಜನರನ್ನು ಕಚ್ಚಿದ ನಾಯಿಗಳಿಗಾಗಿ. ಕಚ್ಚಿದ ನಾಯಿಯನ್ನು ಹತ್ತು ದಿನ ಅದರಲ್ಲಿಟ್ಟು ನೋಡುತ್ತಿದ್ದೆವು. ಹತ್ತು ದಿನ ಆರೋಗ್ಯವಾಗಿ ಬದುಕಿದರೆ ಅದಕ್ಕೆ ರೇಬೀಸ್, ಅಂದರೆ ಹುಚ್ಚು ರೋಗ, ಇಲ್ಲವೆಂದು ಲೆಕ್ಕ. ಇಂಗ್ಲಿಷಿನ 'ಅಬ್ಸರ್ವೇಶನ್' ನಾಲಿಗೆಗೆ ಹತ್ತದೆ ಊರವರು ಅದನ್ನು 'ನಿಗಾ ಗೂಡು' ಎನ್ನುತ್ತಿದ್ದರು.

ಒಂದು ಮುಂಜಾನೆ ಆ ಗೂಡನ್ನು ಕೇಳಿಕೊಂಡು ಆಯಿ ಬಂದರು. ಪದ್ಮಾವತಿಬಾಯಿ ಎಂದು ಹೆಸರು, ಎಪ್ಪತ್ತರ ಹತ್ತಿರದ ವಯಸ್ಸು. ಕಬ್ಬಿನ ಹೊಲ, ಆರು ಎಮ್ಮೆಗಳಿದ್ದ ಜೈನ ಮನೆತನದ ಹಿರಿಯರು. ಊರಿಗೆಲ್ಲ ಅವರು 'ಆಯಿ'ಯೇ, ಅಂದರೆ ಅಜ್ಜಿ. ಹಗ್ಗದ ತುದಿಯಲ್ಲಿ ಮೋತಿ ಇತ್ತು. ಕಂದು ಬಣ್ಣದ, ಒಂದು ಕಿವಿ ನೆಟ್ಟಗೆ ಇನ್ನೊಂದು ಜೋತುಬಿದ್ದ ಆರು ವರ್ಷದ ನಾಟಿ ನಾಯಿ.

"ಸಾಹೇಬ್ರ, ಮೂರು ಸಲ ಶಿಖರಜಿ ಯಾತ್ರಾ ತಪ್ಪಿಸೇನ್ರಿ" ಎಂದರು ಆಯಿ. ಶಿಖರಜಿ ಎಂದರೆ ದೂರದ ಉತ್ತರದಲ್ಲಿ ಬೆಟ್ಟದ ಮೇಲಿರುವ ಜೈನರ ದೊಡ್ಡ ಕ್ಷೇತ್ರ. "ಒಮ್ಮಿ ಸೊಸಿ ಬಾಣಂತನ, ಒಮ್ಮಿ ನನ್ನ ಮೊಣಕಾಲು, ಒಮ್ಮಿ ಇಂವ. ಹೋದ ಸಲ ನನ್ನ ಬಸ್ಸಿನ ಹಿಂದ ಓಡಿ ಬಂದು ಕಬ್ಬಿನ ಲಾರಿಗೆ ಸಿಗ್ತಿದ್ದ. ನಾ ಇಳದು ಮನೀಗೆ ಬಂದೆ. ಈ ಸಲ ಹೋಗ್ಲಿಲ್ಲಂದ್ರ ಇನ್ನ ಆಗಂಗಿಲ್ರಿ. ಹದಿನೆಂಟು ದಿನ ನಿಮ್ಮ ಗೂಡಿನ್ಯಾಗ ಇಟಗೋರಿ."

ಮನೆಯವರೆಲ್ಲ ಹೊರಟಿದ್ದರು. ಎಮ್ಮೆ ನೋಡಿಕೊಳ್ಳಲು ಆಳು ಇದ್ದ, ಆದರೆ ಮೋತಿಯನ್ನು ಕಟ್ಟಿಹಾಕುವ ಧೈರ್ಯ ಅವನಿಗಿರಲಿಲ್ಲ. ಗೂಡು ಖಾಲಿ ಇತ್ತು. ನಿಯಮದ ಪುಸ್ತಕದಲ್ಲಿ ಇಂಥದಕ್ಕೆ ಜಾಗವಿರಲಿಲ್ಲ, ಆಯಿಯ ಮುಖದೆದುರು 'ಇಲ್ಲ' ಎನ್ನಲೂ ನನಗೆ ಬರಲಿಲ್ಲ.

"ನಿಶ್ಚಿಂತಿಯಿಂದ ಹೋಗಿ ಬರ್ರಿ ಆಯಿ. ಮೋತಿ ಜವಾಬ್ದಾರಿ ನಂದು" ಎಂದುಬಿಟ್ಟೆ.

ಯಾವುದೇ ಪ್ರಾಣಿ ಬಂದರೂ ಮೊದಲು ಅದರ ಹಿಸ್ಟರಿ ಬರೆದುಕೊಳ್ಳಬೇಕು. ವಯಸ್ಸು, ಹಿಂದಿನ ಕಾಯಿಲೆ, ಲಸಿಕೆ ಎಲ್ಲ ಕೇಳಿದೆ. ಹುಚ್ಚುನಾಯಿ ಲಸಿಕೆ ಹಾಕಿಸಿ ಎರಡು ವರ್ಷವಾಗಿತ್ತು. ಹಿಂದಿನ ತಿಂಗಳು ಹೊಲದಲ್ಲಿ ಯಾವುದೋ ಬೀದಿನಾಯಿಯ ಜೊತೆ ಜಗಳವಾಡಿ ಕಾಲಿಗೆ ಗಾಯ ಮಾಡಿಕೊಂಡಿತ್ತು, ಅದು ಮಾದಿತ್ತು. ಊಟದಲ್ಲಿ ಏನಾದರೂ ಕಿರಿಕಿರಿ ಇದೆಯೇ ಎಂದು ಕೇಳಿದೆ.

"ಅಂವಂದೇನೂ ತ್ರಾಸಿಲ್ರಿ. ನಾವು ಉಂಡಾಗ ಉಣ್ತಾನ, ನಾವು ಬಿಟ್ಟಾಗ ಬಿಡ್ತಾನ" ಎಂದರು ಆಯಿ.

ಹಾಳೆಯ ಮೇಲೆ 'ಆಹಾರ: ಮನೆಯ ಊಟ' ಎಂದು ಬರೆದೆ. ಆಯಿ ಮೋತಿಯ ತಲೆಯ ಮೇಲೆ ಕೈಯಿಟ್ಟು ಏನೋ ಗುನುಗಿ, ತಿರುಗಿ ನೋಡದೆ ಹೋದರು. ತಿರುಗಿ ನೋಡಿದ್ದರೆ ಯಾತ್ರೆ ನಾಲ್ಕನೆಯ ಸಲವೂ ತಪ್ಪುತ್ತಿತ್ತು.

ಮಳೆಗಾಲಕ್ಕೆ ಮುಂಚೆ ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕುವ ಕೆಲಸ ಆಗ ಜೋರಾಗಿ ನಡೆದಿತ್ತು. ಬೆಳಿಗ್ಗೆ ಬೇಗ ಅಲಖನೂರ ಕಡೆಯ ಹಳ್ಳಿಗಳಿಗೆ ಹೊರಟರೆ ನಾನು ಮರಳುವಾಗ ಸಂಜೆಯಾಗುತ್ತಿತ್ತು. ಮೋತಿಯನ್ನು ಅಟೆಂಡರ್ ದಸ್ತಗೀರನಿಗೆ ಒಪ್ಪಿಸಿದೆ. ಆಸ್ಪತ್ರೆಯ ಕಾಂಪೌಂಡಿನಲ್ಲೇ ಅವನ ಮನೆ. ನನಗಿಂತ ಹತ್ತು ವರ್ಷ ದೊಡ್ಡವನು. ಒದೆಯುವ ಎಮ್ಮೆಯನ್ನೂ ಮಾತಾಡಿಸಿಯೇ ನಿಲ್ಲಿಸುವ ಮನುಷ್ಯ. "ಜೈನರ ಮನೆ ನಾಯಿ. ಮಾಂಸ, ತತ್ತಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ಏನೂ ಸೋಂಕಬಾರದು" ಎಂದು ತಾಕೀತು ಮಾಡಿದೆ. ಊರಿನ ರೀತಿ ಬಲ್ಲವನೆಂಬ ಜಂಬ ಇಲ್ಲೂ ಇತ್ತೆನ್ನಿ.

"ಚಿಂತೀನ ಮಾಡಬ್ಯಾಡ್ರಿ. ನಮ್ಮಾಕಿ ಮೋತಿ ಸಲುವಾಗಿ ಬ್ಯಾರೆ ಗಡಗೀನ ಇಟ್ಟಾಳ್ರಿ" ಎಂದ ದಸ್ತಗೀರ.

ಮೊದಲ ದಿನ ಮೋತಿ ಉಣ್ಣಲಿಲ್ಲ. ಹೊಸ ಜಾಗ, ಮನೆಯ ನೆನಪು, ಸಹಜ ಎಂದುಕೊಂಡೆ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಸಂಜೆ ನಾನು ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ದಸ್ತಗೀರ ಸಪ್ಪೆ ಮುಖ ಮಾಡಿಕೊಂಡು ಎದುರಿಗೆ ಬಂದ.

"ರೊಟ್ಟಿ ಹಾಲಿನ್ಯಾಗ ನೆನಸಿ ಇಟ್ನಿ, ತುಪ್ಪಾ ಹಾಕಿದ್ನಿ. ಮೂಸಿ ನೋಡಿ ಗೋಡಿ ಕಡೆ ಮಾರಿ ಮಾಡಿ ಕುಂಡರತೈತ್ರಿ."

ಅಷ್ಟರಲ್ಲಿ ಊರಲ್ಲಿ ಇನ್ನೊಂದು ಕಥೆ ಹುಟ್ಟಿತ್ತು. ನಿಗಾ ಗೂಡಿನಲ್ಲಿ ಅಲ್ಲಿಯವರೆಗೆ ಕಚ್ಚದ ನಾಯಿ ಒಂದೂ ಇದ್ದದ್ದಿಲ್ಲ. ಹಾಗಾದರೆ ಆಯಿಯ ಮೋತಿ ಯಾರನ್ನೋ ಕಚ್ಚಿರಲೇಬೇಕು. ಯಾರನ್ನು ಎಂಬುದೊಂದು ಬಿಟ್ಟು ಉಳಿದೆಲ್ಲ ಊರಿಗೆ ಗೊತ್ತಿತ್ತು. ಆ ಮನೆಯ ಎಮ್ಮೆಗಳ ಹಾಲು ಹದಿನೈದು ಮನೆಗಳಿಗೆ ಹೋಗುತ್ತಿತ್ತು. ಮೋತಿ ಎಮ್ಮೆಯನ್ನು ನೆಕ್ಕಿದೆ, ಎಮ್ಮೆ ಹಾಲು ಕೊಟ್ಟಿದೆ, ಹಾಲು ನಾವು ಕುಡಿದಿದ್ದೇವೆ ಎಂದು ಜನ ಸಾಲು ಹಚ್ಚಿ ನನ್ನ ಬಾಗಿಲಿಗೆ ಬಂದರು. ಆಗ ಹುಚ್ಚುನಾಯಿ ಕಡಿದವರಿಗೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಊರಿನ ದರ್ಜಿಯೊಬ್ಬ ನನ್ನೆದುರೇ ಅಂಗಿ ಎತ್ತಿ, ತನ್ನ ಹೊಟ್ಟೆಯ ಮೇಲೆ ಹದಿನಾಲ್ಕಕ್ಕೆ ಜಾಗ ಸಾಲುತ್ತದೋ ಇಲ್ಲವೋ ಎಂದು ಟೇಪಿನಲ್ಲಿ ಅಳೆದು ನೋಡಿದ. ಕಾಸಿದ ಹಾಲಿನಿಂದ ರೋಗ ಬರುವುದಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು.

ನಾಲ್ಕನೆಯ ದಿನ ಸಂಜೆ ಮಂಡಲ ಪಂಚಾಯಿತಿಯ ಪ್ರಧಾನ ಬಾಳಾಸಾಹೇಬರು ಇಪ್ಪತ್ತು ಜನರನ್ನು ಕಟ್ಟಿಕೊಂಡು ಬಂದರು. ಕೆಟ್ಟವರಲ್ಲ. ಅವರ ಒಂದೂವರೆ ವರ್ಷದ ಮೊಮ್ಮಗಳು ಅದೇ ಎಮ್ಮೆಯ ಹಾಲು ಕುಡಿಯುತ್ತಿದ್ದಳು, ಆ ಹೆದರಿಕೆ ಅವರ ಮುಖದಲ್ಲಿ ಕಾಣುತ್ತಿತ್ತು. ಬಾಯಿಮಾತಿಗೆ ಇವರು ಬಗ್ಗುವುದಿಲ್ಲ, ಕಣ್ಣಾರೆ ತೋರಿಸುತ್ತೇನೆ ಎಂದುಕೊಂಡು ನಾನೇ ಒಂದು ಬೋಗುಣಿ ತಣ್ಣೀರು ತಂದು ಎಲ್ಲರ ಎದುರು ಗೂಡಿನೊಳಗೆ ಸರಿಸಿದೆ. ಆಗತಾನೇ ಹೊತ್ತು ಮುಳುಗಿತ್ತು. ಮೋತಿ ಎದ್ದು ಬಂತು, ಬೋಗುಣಿಯನ್ನು ನೋಡಿತು, ನನ್ನನ್ನು ನೋಡಿತು, ಹಿಂದೆ ಸರಿದು ಗೋಡೆಯ ಕಡೆ ಮುಖ ಮಾಡಿ ಕುಳಿತಿತು.

"ನೀರ ಕಂಡ್ರ ಹೆದರತೈತಿ! ಹುಚ್ಚ ಹಿಡದೈತಿ!" ಎಂದು ಯಾರೋ ಕೂಗಿದರು. ಇಪ್ಪತ್ತೂ ಜನ ಒಮ್ಮೆಲೇ ಹತ್ತು ಹೆಜ್ಜೆ ಹಿಂದೆ ಹೋದರು.

ರೇಬೀಸ್ ಆದಾಗ ನೀರಿಗೆ ಹೆದರುವುದು ಮನುಷ್ಯರ ಲಕ್ಷಣ, ನಾಯಿಗಳದ್ದಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಕೇಳುವ ಕಿವಿ ಅಲ್ಲಿರಲಿಲ್ಲ. ಬಾಳಾಸಾಹೇಬರು ಗೇಟಿನಾಚೆ ನಿಂತೇ ಮಾತಾಡಿದರು.

"ಸಾಹೇಬ್ರ, ನಾಳೆ ಸಂಜೀತನಕಾ ನೋಡ್ತೇವ್ರಿ. ಅಷ್ಟರಾಗ ಏನೂ ಫರಕ್ ಕಾಣಲಿಲ್ಲಂದ್ರ ಬಂದೂಕಿನವರನ್ನ ಕರಸಾಂವ ನಾನು. ಊರು ದೊಡ್ಡದೋ ನಾಯಿ ದೊಡ್ಡದೋ, ನೀವ ಹೇಳ್ರಿ."

ಅವರು ಹೋದ ಮೇಲೆ ನನಗೂ ಭಯವಾಯಿತು, ಸುಳ್ಳೇಕೆ ಹೇಳಲಿ. ರೇಬೀಸಿನಲ್ಲಿ ಇನ್ನೊಂದು ಬಗೆಯಿದೆ. ನಾಯಿ ಯಾರ ಮೈಮೇಲೂ ಬೀಳುವುದಿಲ್ಲ. ಮಂಕಾಗಿ ಮೂಲೆ ಸೇರುತ್ತದೆ, ಗಂಟಲ ನರ ಸೋತು ನುಂಗಲಾರದೆ ಅನ್ನ ನೀರು ಬಿಡುತ್ತದೆ. ಲಸಿಕೆ ತಪ್ಪಿದ್ದು, ಬೀದಿನಾಯಿಯ ಜೊತೆ ಜಗಳವಾಡಿದ್ದು ಎಲ್ಲ ನೆನಪಾಯಿತು. ಮೋತಿ ಸತ್ತರೆ, ಇಲ್ಲವೇ ಕೊಂದರೆ, ಆಯಿಗೆ ಏನು ಹೇಳಲಿ? ನನ್ನ ಮಾತು ನಂಬಿ ಹೋದ ಮುದುಕಿ.

ಮರುದಿನ ಲಸಿಕೆಯ ಕೆಲಸವನ್ನು ನಮ್ಮ ಆಸ್ಪತ್ರೆಯ ಜಾನುವಾರು ಇನ್‌ಸ್ಪೆಕ್ಟರಿಗೆ ಒಪ್ಪಿಸಿ, ಬೆಳಿಗ್ಗೆ ಏಳಕ್ಕೆ ಗೂಡಿನೆದುರು ಕುರ್ಚಿ ಹಾಕಿಕೊಂಡು ಕುಳಿತೆ. ನಾಯಿಯ ಡಾಕ್ಟರ್ ನಾಯಿಯನ್ನು ಕುಳಿತು ನೋಡಿದ್ದು ಅದೇ ಮೊದಲು. ಎಂಟೂವರೆಗೆ ಮೋತಿ ಮೈಮುರಿದು ಎದ್ದಿತು. ನೆಟ್ಟಗೆ ಬೋಗುಣಿಗೆ ಹೋಗಿ ಅರ್ಧ ಬೋಗುಣಿ ನೀರನ್ನು ಲೊಚಲೊಚ ಕುಡಿಯಿತು. ನಾನು ಕುರ್ಚಿ ಬೀಳಿಸಿಕೊಂಡು ಎದ್ದೆ.

"ದಸ್ತಗೀರ, ಇದು ದಿನಾ ಕುಡಿಯುತ್ತಿತ್ತೇನಯ್ಯಾ?"

"ಸಂಜೀಕ ಬೋಗುಣಿ ಖಾಲಿ ಇರತಿತ್ರಿ. ಬಿಸಲಿಗೆ ಆರೇತಿ ಅನಕೊಂಡಿದ್ನಿ!"

ನನ್ನ ಹೆಂಡತಿ ಆಗತಾನೇ ತಟ್ಟಿದ ಎರಡು ರೊಟ್ಟಿಯನ್ನು ಹಾಲಿನಲ್ಲಿ ಮುರಿದು ತಂದಳು. ತಾಟು ಒಳಗೆ ಹೋಗುವುದೇ ತಡ, ಖಾಲಿಯಾಯಿತು. ಮತ್ತೆರಡು ತಂದಳು, ಅವೂ ಹೋದವು. ಗಂಟಲೂ ಸರಿಯಿದೆ, ಹಸಿವೂ ಇದೆ. ಹಾಗಾದರೆ ನಾಲ್ಕು ದಿನ ಈ ಪ್ರಾಣಿ ಹಟ ಹಿಡಿದದ್ದೇಕೆ?

"ದಿನಾ ಎಷ್ಟು ಹೊತ್ತಿಗೆ ಹಾಕುತ್ತಿದ್ದೆ?" ಎಂದು ದಸ್ತಗೀರನನ್ನು ಕೇಳಿದೆ.

ಆಗ ರಮ್ಜಾನಿನ ರೋಜಾ, ಅಂದರೆ ಹಗಲಿನ ಉಪವಾಸ, ನಡೆದಿತ್ತು. ದಸ್ತಗೀರನ ಮನೆಯಲ್ಲಿ ಒಲೆ ಹೊತ್ತುತ್ತಿದ್ದದ್ದು ಎರಡೇ ಹೊತ್ತು. ಬೆಳಕು ಹರಿಯುವುದಕ್ಕೆ ಮುಂಚೆ ಸಹರಿ, ಹೊತ್ತು ಮುಳುಗಿದ ಮೇಲೆ ಇಫ್ತಾರ್. ತಾನು ಉಣ್ಣುವಾಗಲೇ ಅತಿಥಿಯೂ ಉಣ್ಣಲಿ ಎಂದು ಮೋತಿಗೂ ಅದೇ ಎರಡು ಹೊತ್ತು ಬಿಸಿಬಿಸಿಯಾಗಿ ಬಡಿಸಿದ್ದ. ಉಣ್ಣದೆ ಬಿಟ್ಟರೆ ಕೆಂಪಿರುವೆ ಮುತ್ತುತ್ತವೆಂದು ತಾಟನ್ನು ಆಗಲೇ ತೆಗೆದುಬಿಡುತ್ತಿದ್ದ. ಇದನ್ನೆಲ್ಲ ಹೇಳುತ್ತಾ ಹೇಳುತ್ತಾ ಅವನೇ ನಡುವೆ ನಿಂತ. ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡ.

"ಯಾ ಅಲ್ಲಾ! ಸಾಹೇಬ್ರ, ಇದು ಆಯಿ ಮನೀ ನಾಯಿರಿ. ಹೊತ್ತು ಮುಳುಗಿದ ಮ್ಯಾಲ ಅವರು ನೀರೂ ಬಾಯಾಗ ಹಾಕೂದಿಲ್ಲ. ನಾ ಹೊತ್ತು ಮುಳುಗಿದ ಮ್ಯಾಲ ಉಣ್ಣಾಂವ, ಇದು ಹೊತ್ತು ಮುಳುಗೂದ್ರಾಗ ಉಣ್ಣೂದು. ರೋಜಾ ನಂದು, ಈ ಮೂಕ ಜೀವಕ್ಯಾಕ್ರಿ ಹಚ್ಚಿದ್ನಿ ನಾನು!"

'ನಾವು ಉಂಡಾಗ ಉಣ್ತಾನ, ನಾವು ಬಿಟ್ಟಾಗ ಬಿಡ್ತಾನ.' ಆಯಿ ಎಲ್ಲವನ್ನೂ ಹೇಳಿಯೇ ಹೋಗಿದ್ದರು. ಮರಿಯಾಗಿದ್ದಾಗಿನಿಂದ ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಅದಕ್ಕೆ ತುತ್ತು ಬಿದ್ದಿರಲಿಲ್ಲ. ಬೆಳಿಗ್ಗೆಯೂ ಬಿಸಿಲೇರಿ ಆಯಿ ಬಸದಿಯಿಂದ ಬಂದ ಮೇಲೆಯೇ ಊಟ. ಮಾಂಸ, ಉಳ್ಳಾಗಡ್ಡಿ ಎಲ್ಲ ನಾನು ನೆನಪಿಟ್ಟಿದ್ದೆ. ಏನು ತಿನ್ನುತ್ತದೆ ಎಂಬುದಷ್ಟೇ ನನಗೆ ಮುಖ್ಯವಾಗಿತ್ತು, ಯಾವಾಗ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಅರ್ಧ ಮನೆಯ ನೆನಪಿಗೆ, ಅರ್ಧ ರೂಢಿಗೆ ಆ ನಾಯಿ ನಾಲ್ಕು ದಿನ ಹಸಿದಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಂದು ಸಂಜೆ ಐದೂವರೆಗೇ ಬಾಳಾಸಾಹೇಬರನ್ನು ಕರೆಸಿದೆ. ಜನ ನಿನ್ನೆಗಿಂತ ದುಪ್ಪಟ್ಟು ಬಂದಿದ್ದರು. ದಸ್ತಗೀರ ತಾಟು ಇಟ್ಟ, ಮೋತಿ ಉಂಡಿತು. ಬೋಗುಣಿ ಇಟ್ಟ, ಕುಡಿಯಿತು. ದರ್ಜಿ ಮೆಲ್ಲಗೆ ಅಂಗಿ ಕೆಳಗಿಳಿಸಿದ. ಬಾಳಾಸಾಹೇಬರು ಮಾತ್ರ ಸುಲಭಕ್ಕೆ ಒಪ್ಪುವವರಲ್ಲ. ಹೊತ್ತು ಮುಳುಗುವವರೆಗೂ ಅಲ್ಲೇ ಕುಳಿತರು. ಆಮೇಲೆ ಜೇಬಿನಿಂದ ಗ್ಲುಕೋಸ್ ಬಿಸ್ಕಿಟ್ ತೆಗೆದು ತಾವೇ ಸರಳಿನ ಸಂದಿಯಲ್ಲಿ ಹಿಡಿದರು. ಮೋತಿ ಬಾಲ ಅಲ್ಲಾಡಿಸಿತು, ಅವರ ಕೈಯನ್ನು ಮೂಸಿತು, ಬಿಸ್ಕಿಟನ್ನು ಮುಟ್ಟದೆ ಗೋಡೆಯ ಕಡೆ ಮುಖ ಮಾಡಿ ಕುಳಿತಿತು.

ಬಾಳಾಸಾಹೇಬರು ಹೊಟ್ಟೆ ಕುಣಿಯುವಂತೆ ನಕ್ಕರು.

"ಅಲ್ರೀ, ನನಗ ಡಾಕ್ಟರು ರಾತ್ರಿ ಉಣಬ್ಯಾಡಂತ ಹೇಳಿ ಮೂರು ವರ್ಷ ಆತು. ನನ್ನ ಕಡೆ ಆಗವಲ್ದು, ಇದಕ್ಕ ಹೆಂಗ ಆತು!"

ಬಿಸ್ಕಿಟನ್ನು ಅವರೇ ತಿಂದರು. ಬಂದೂಕಿನ ಮಾತು ಅಲ್ಲಿಗೇ ಮುಗಿಯಿತು. ಮರುದಿನದಿಂದ ಹದಿನೈದು ಮನೆಯ ಹಾಲಿನ ತಂಬಿಗೆಗಳೂ ಮತ್ತೆ ಆಯಿಯ ಹಟ್ಟಿಗೆ ಬಂದವು. ದಸ್ತಗೀರ ದಿನಾ ಐದೂವರೆಗೆ ತಾನು ಹಸಿದು ಕುಳಿತು ಮೋತಿಗೆ ಉಣ್ಣಿಸಿದ. "ಇದು ಉಣ್ಣೂದು ನೋಡಿ ನನ್ನ ಹಸಿವಿ ಹೆಚ್ಚಾಗಾಕತ್ತೈತ್ರಿ" ಎಂದು ಬೈಯುತ್ತಲೇ ಅದರ ಕಿವಿ ಸವರುತ್ತಿದ್ದ.

ಹದಿನೆಂಟನೆಯ ದಿನ ಆಯಿ ಬಸ್ಸಿನಿಂದ ಇಳಿದವರು ಮನೆಗೂ ಹೋಗದೆ ನೇರವಾಗಿ ಆಸ್ಪತ್ರೆಗೆ ಬಂದರು. ಗೂಡಿನ ಬಾಗಿಲು ತೆಗೆದಾಗ ಮೋತಿ ಎಬ್ಬಿಸಿದ ಗದ್ದಲಕ್ಕೆ ಚಿಕಿತ್ಸೆಗೆ ಬಂದಿದ್ದ ಎತ್ತೊಂದು ಹಗ್ಗ ಹರಿದುಕೊಂಡಿತು. ಎಲ್ಲ ಶಾಂತವಾದ ಮೇಲೆ ನಾನು ತಪ್ಪೊಪ್ಪಿಕೊಂಡೆ. ನಾಲ್ಕು ದಿನದ ಉಪವಾಸ, ಬಂದೂಕು, ಬಿಸ್ಕಿಟು ಯಾವುದನ್ನೂ ಮುಚ್ಚಿಡಲಿಲ್ಲ. ಬೈಯುತ್ತಾರೆಂದು ಕಾದೆ. ಆಯಿ ಮೋತಿಯ ಕೊರಳನ್ನು ಸವರಿದರು.

"ಸಾಹೇಬ್ರ, ಶಿಖರಜಿಯೊಳಗ ಬೆಟ್ಟಾ ಇಳಿಯೂದ್ರಾಗ ಒಂದ ದಿನಾ ಕತ್ತಲಾತ್ರಿ" ಎಂದರು. "ಕಣ್ಣಿಗೆ ಚಕ್ಕರ್ ಬಂತು. ಸೊಸಿ ಒಂದ ಗ್ಲಾಸ್ ನೀರು ಕೊಟ್ಟಳು, ಕುಡದಬಿಟ್ಟೆ. ಅರವತ್ತು ವರ್ಷದಾಗ ಮೊದಲನೇ ಸಲ ನಂದು ನೇಮ ತಪ್ಪಿತು. ಇಲ್ಲಿ ಇಂವ ಒಬ್ಬಾಂವ ಕುಂತು ನಂದೂ ಸೇರಿಸಿ ಮಾಡ್ಯಾನ ನೋಡ್ರಿ."

ಹೇಳಿ ಅವರು ನಕ್ಕರು, ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ದಸ್ತಗೀರನನ್ನು ಕರೆದು ಯಾತ್ರೆಯಿಂದ ತಂದ ಸಕ್ಕರೆಯನ್ನು ಕೈಗಿಟ್ಟರು. "ಹೊತ್ತು ಮುಳುಗಿದ ಮ್ಯಾಲ ತಿನ್ನಪಾ" ಎಂದು ಎಚ್ಚರಿಸಲು ಮರೆಯಲಿಲ್ಲ.

ಆಮೇಲೆ ಇಪ್ಪತ್ತೊಂದು ವರ್ಷ ನೌಕರಿ ಮಾಡಿದೆ. ಊರಿಗೆ ಹೋಗುವವರು ನಾಯಿಯನ್ನು ನನ್ನ ಆಸ್ಪತ್ರೆಯಲ್ಲಿ ಬಿಟ್ಟು ಹೋಗುವುದು ಹೋದಲ್ಲೆಲ್ಲ ರೂಢಿಯಾಯಿತು. ನಾಯಿಯ ಹಿಸ್ಟರಿಯೆಂದರೆ ಮನೆಯವರ ಹಿಸ್ಟರಿ ಎಂಬುದು ಆ ಗೂಡಿನೆದುರು ಕುರ್ಚಿ ಹಾಕಿಕೊಂಡು ಕುಳಿತ ದಿನ ತಿಳಿಯಿತು. ಅಂದಿನಿಂದ ಬಿಟ್ಟು ಹೋಗುವವರನ್ನು ಮೊದಲು ಕೇಳಿದ ಪ್ರಶ್ನೆ ಒಂದೇ. ಕೆಲವರು ನಕ್ಕರು, ಒಬ್ಬ ಸಾಹೇಬರಂತೂ ಸಿಟ್ಟಾದರು. ಆದರೂ ಬಿಡದೆ ಕೇಳಿದೆ: "ನೀವು ಎಷ್ಟು ಹೊತ್ತಿಗೆ ಉಣ್ತೀರಿ?"