ಹಗ್ಗದ ಮೇಲೆ ಒಣಗುತ್ತಿದ್ದ ಹಾಲಿನ ಕವರುಗಳು

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಭದ್ರಾವತಿಯ ನ್ಯೂ ಟೌನಿನಲ್ಲಿ ನಾನು ಸೈಕಲ್ ಮೇಲೆ ಹಳೇ ಪೇಪರ್, ಬಾಟ್ಲಿ, ಹಾಲಿನ ಕವರ್ ಕೊಳ್ಳುತ್ತಿದ್ದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸುವವರು ಕಡಿಮೆ. ಕ್ವಾರ್ಟರ್ಸಿನ ಒಬ್ಬ ಅಕ್ಕನ ಮುಂದೆ ಮಾತ್ರ ನನ್ನ ಆಟ ನಡೆಯುತ್ತಿರಲಿಲ್ಲ.

ಅವರ ಯಜಮಾನರು ಕಾರ್ಖಾನೆಯಲ್ಲಿ ಫಿಟ್ಟರ್. ಹಿತ್ತಲ ಹಗ್ಗದಲ್ಲಿ ಬಟ್ಟೆಗಳ ಜೊತೆ ಹಾಲಿನ ಕವರುಗಳೂ ಕ್ಲಿಪ್ಪಿಗೆ ನೇತುಬಿದ್ದು ಒಣಗುತ್ತಿದ್ದವು. ಕವರಿನ ಮೂಲೆಯನ್ನು ಅಕ್ಕ ಪೂರ್ತಿ ಕತ್ತರಿಸುತ್ತಿರಲಿಲ್ಲ, ಚೂರು ಅಂಟಿಕೊಂಡಿರಲು ಬಿಡುತ್ತಿದ್ದರು. ಇಲ್ಲದಿದ್ದರೆ ಆ ತುಣುಕು ಮೋರಿ ಸೇರುತ್ತದೆ. ತೊಳೆದ ನೀರು ಕರಿಬೇವಿನ ಬುಡಕ್ಕೆ.

"ಇಷ್ಟು ತೊಳೆದ್ರೆ ತೂಕ ಎಲ್ಲಿ ಬರುತ್ತಕ್ಕಾ?" ಎಂದು ನಾನು ನಗುತ್ತಿದ್ದೆ.

"ಹಾಲು ತೂಗೋ ಆಸೆ ಇದ್ರೆ ಡೈರಿಗೆ ಹೋಗು ಮಾರಾಯ" ಎನ್ನುತ್ತಿದ್ದರು.

ಅದೇ ಹೊತ್ತಿಗೆ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿದ್ದ ಹೋಲ್‌ಸೇಲ್ ಸಾಹುಕಾರರೊಬ್ಬರು, ಕವರು ಚೊಕ್ಕಟವಾಗಿದ್ದರೆ ವಾರವಾರವೂ ಕೊಳ್ಳುತ್ತೇನೆಂದು ಒಪ್ಪಿದ್ದರು. ಅದು ಕುದುರಿದರೆ ಶಿವಮೊಗ್ಗದಲ್ಲೇ ಸವಳಂಗ ರಸ್ತೆಯಲ್ಲಿ ಪುಟ್ಟ ಮಳಿಗೆ ಹಿಡಿಯಬಹುದು, ಸೈಕಲ್ ತುಳಿಯುವುದು ತಪ್ಪುತ್ತದೆ ಎಂಬ ಆಸೆ ನನಗೆ. ಮೊದಲ ಮೂಟೆಯಲ್ಲೇ ಜಾಣತನ ತೋರಿಸಿದೆ. ಬೇರೆ ಮನೆಗಳ ತೊಳೆಯದ ಹಾಲಿನ ಕವರುಗಳನ್ನು, ಜೊತೆಗೆ ಬಿಸ್ಕತ್ತು, ಎಣ್ಣೆಯ ಕವರುಗಳನ್ನೂ ತಳಕ್ಕೆ ತುರುಕಿ, ಮೇಲೆ ಅಕ್ಕನ ಕವರುಗಳನ್ನು ಹಾಸಿದೆ. ಬಸ್ಸಿನ ಟಾಪ್ ಮೇಲೆ ಬಿಸಿಲಲ್ಲಿ ಉರುಳಾಡಿದ ಮೂಟೆಯಲ್ಲಿ ಹುಳಿ ಹಾಲು ಹರಡಿ ಒಳ್ಳೆಯ ಕವರುಗಳಿಗೂ ಮೆತ್ತಿಕೊಂಡಿತ್ತು. ಸಾಹುಕಾರರು ನೇರ ತಳಕ್ಕೆ ಕೈಹಾಕಿ, ಮೂಸಿ, ಮುಖ ಕಿವುಚಿದರು.

"ಪೂರಾ ಮಾಲ್ ಖರಾಬ್! ಮುಂದಿನ ವಾರಾನೂ ಹಿಂಗೇ ತಂದ್ರೆ ಈ ಮೆಟ್ಲು ಹತ್ಬೇಡ."

ಮೂಟೆ ಹೊತ್ತು ವಾಪಸ್ ಬಂದವನು ಸೀದಾ ಅಕ್ಕನ ಮನೆಗೆ ಹೋಗಿ ಇದ್ದದ್ದು ಹೇಳಿದೆ.

"ನಾನು ತೊಳೆದಿದ್ದನ್ನೂ ಈ ಹೊಲಸಿಗೆ ಹಾಕಿದ್ಯಾ? ನಾಚಿಕೆ ಆಗಲ್ವಾ?" ಎಂದು ಚೆನ್ನಾಗಿ ಬೈದರು. ಬೈಯುತ್ತಲೇ ಸೆರಗು ಸಿಕ್ಕಿಸಿ ಮೂಟೆಯನ್ನು ನಲ್ಲಿಯ ಬಳಿ ಸುರಿಸಿದರು. ಒಂದೊಂದೇ ಕವರನ್ನು ಕಿವಿಯ ಹತ್ತಿರ ಹಿಸುಕಿ ನೋಡಿದರು.

"ಚರಚರ ಅಂದ್ರೆ ಬಿಸ್ಕತ್ತಿಂದು, ಆ ಕಡೆ. ಸುಮ್ನಿದ್ರೆ ಹಾಲಿಂದು, ಈ ಕಡೆ. ಎಣ್ಣೆ ಕವರ್ ದೂರ ಇಡು, ಜಿಡ್ಡು ಎಲ್ಲದಕ್ಕೂ ಹತ್ತುತ್ತೆ."

ಮೊದಲು ಅಕ್ಕಿ ತೊಳೆದ ನೀರಲ್ಲಿ ಅದ್ದುವುದು, ಆಮೇಲೆ ಸಾದಾ ನೀರು, ಆಮೇಲೆ ಹಗ್ಗ. ನೀರು ಒಂದು ಬಿಂದಿಗೆಯೂ ದಂಡವಾಗಲಿಲ್ಲ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ವ್ಯಾಪಾರಿಯಾದ ನನಗೆ ಹೊಳೆಯದ್ದು ಅಡುಗೆಮನೆಯಲ್ಲಿ ನಿಂತೇ ಅವರಿಗೆ ಹೊಳೆದಿತ್ತು. ಶಿಫ್ಟ್ ಮುಗಿಸಿ ಬಂದ ಯಜಮಾನರು ಹಗ್ಗ ನೋಡಿ, "ನನ್ನ ಶರಟಿಗೆ ಜಾಗ ಇಲ್ವಲ್ಲೇ!" ಎಂದರು.

"ಕವರ್ ಒಣಗ್ಲಿ, ಆಮೇಲೆ ನೀವು" ಎಂದರು ಅಕ್ಕ.

ನಿಮಗೂ ಹೇಳುತ್ತೇನೆ, ಹಾಲು ಪಾತ್ರೆಗೆ ಸುರಿದ ಕೂಡಲೇ ಕವರ್ ತೊಳೆದುಬಿಡಿ. ಸಂಜೆಗೆ ಬಿಟ್ಟರೆ ಮೂರು ಪಟ್ಟು ಕೆಲಸ. ಬಜ್ಜಿಯ ಎಣ್ಣೆ ಹೀರಿದ ಪೇಪರನ್ನು ಒಳ್ಳೆಯ ಪೇಪರಿನ ಕಟ್ಟಿಗೆ ಸೇರಿಸಲೇಬೇಡಿ.

ಮುಂದಿನ ವಾರ ಸಾಹುಕಾರರು ಮತ್ತೆ ತಳಕ್ಕೇ ಕೈಹಾಕಿದರು. ಮೂಸಿದರು. ಇನ್ನೊಂದು ಹಿಡಿ ತೆಗೆದು ಮೂಸಿದರು. "ಯಾರಪ್ಪ ತೊಳೆದಿದ್ದು?"

"ನಮ್ಮ ಅಕ್ಕ" ಎಂದೆ.

"ಹಂಗಾದ್ರೆ ವಾರವಾರ ತಗೊಂಡ್ ಬಾ."

ಎರಡು ವರ್ಷದ ಮೇಲೆ ಸವಳಂಗ ರಸ್ತೆಯಲ್ಲಿ ಮಳಿಗೆ ಹಿಡಿದೆ. ಪೂಜೆಗೆ ಅಕ್ಕ ಬಂದರು. ಕುರ್ಚಿ ಹಾಕಿದರೂ ಕೂರಲಿಲ್ಲ. ಮೂಲೆಯಲ್ಲಿದ್ದ ಮೂಟೆಯೊಂದರ ತಳಕ್ಕೆ ಕೈಹಾಕಿ, ಮೂಸಿ ನೋಡಿ, "ಪರವಾಗಿಲ್ಲ ಮಾರಾಯ" ಎಂದು ಆಮೇಲೆ ಪ್ರಸಾದಕ್ಕೆ ಕೈಯೊಡ್ಡಿದರು.