ಸಾಣಿಕಲ್ಲಿನ ಮ್ಯಾಲೆ ತೇಯ್ದ ಕಾಳು

ನಮ್ಮಕ್ಕಗ ದಮ್ಮು. ಸವಣೂರಾಗ ಮೋಡ ಮುಚ್ಚಿದ್ರ ಸಾಕು, ಆಕಿ ಎದಿಯೊಳಗ ಸೀಟಿ ಶುರು. ಕುಂತ್ರೂ ಉಸಿರಿಲ್ಲ, ಮಲಗಿದ್ರೂ ಉಸಿರಿಲ್ಲ. ಎಂಬತ್ತರ ದಶಕ ಆಗಷ್ಟ ಶುರುವಾಗಿತ್ತು. ಶಿಗ್ಗಾಂವಿ ಡಾಕ್ಟ್ರು ಹೊಸಾ ಕ್ಯಾಪ್ಸೂಲ್ ಕೊಟ್ಟು, "ಮುಂಜಾನೆ ಒಂದು, ಸಂಜಿಗೆ ಒಂದು ನುಂಗಿಸ್ರಿ" ಅಂದ್ರು. ಬೆಳಕಿಗೆ ಹಿಡಿದ್ರ ಒಳಗ ರಾಜಗಿರಿಯಂಥಾ ಸಣ್ಣ ಗುಂಡು ಕಾಳು ಕಾಣತಿದ್ವು.

ಆದ್ರ ನಮ್ಮಪ್ಪ ಕೇಳಬೇಕಲ್ಲ! ಸಂಸ್ಕೃತ ಪಾಠ ಹೇಳೋರು, ಹೊರಗ ನೀರು ಸುದ್ದಾ ಕುಡಿಯೋರಲ್ಲ. ಕ್ಯಾಪ್ಸೂಲಿನ ಸಿಪ್ಪಿ ದನದ ಎಲುಬು ಕುದಿಸಿ ಮಾಡ್ತಾರ ಅಂತ ಯಾರೋ ಪುಣ್ಯಾತ್ಮ ಅವರ ಕಿವಿಗೆ ಹಾಕಿದ್ದ. "ಔಷಧ ಇರೋದು ಒಳಗ. ಸಿಪ್ಪಿ ಯಾಕ ಬೇಕು?" ಅಂದ್ರು. ಅವ್ವ ಸಿಪ್ಪಿ ಬಿಚ್ಚಿ ಒಗದು, ಕಾಳು ಸಾಣಿಕಲ್ಲಿನ ಮ್ಯಾಲೆ ಹಾಕಿ ಜೇನುತುಪ್ಪದಾಗ ತೇಯ್ದಳು. ಕೂಸಿಗೆ ತೇಯೋ ಬಜಿ ಬೇರಿನಿಂದ ಹಿಡದು ನಮ್ಮ ಮನ್ಯಾಗ ಎಲ್ಲಾ ಔಷಧಾನೂ ಹಂಗ ಕೊಡೋದು. ಒಂದು ಕಾಳೂ ಉಳೀಬಾರದು ಅಂತ ಎಷ್ಟು ಅಕ್ಕರತಿಲೆ ತೇಯ್ದಳು ನಮ್ಮವ್ವ!

ಅಕ್ಕನ ಉಸಿರು ಲಗೂನ ಬಿಚ್ಚಿಕೊಂಡ್ತು. ಅವ್ವ ದೇವರ ಮುಂದ ತುಪ್ಪದ ದೀಪ ಹಚ್ಚಿದಳು. ಮಧ್ಯಾಹ್ನಕ್ಕ ಮತ್ತ ಸೀಟಿ. "ಔಷಧ ಸಾಲವಲ್ದು" ಅಂತ ಇನ್ನೊಂದು ತೇಯ್ದಳು, ಸಂಜಿಗೆ ಮತ್ತೊಂದು. ಆಮ್ಯಾಲ ಅಕ್ಕಗ ವಾಂತಿ ಹತ್ತಿತು, ಕೈ ಗಡಗಡ ನಡಗಾಕತ್ತಿದ್ವು. ಎದಿಮ್ಯಾಲೆ ಕೈ ಇಟ್ಟು ನೋಡಿದೆ, ಗುಂಡಿಗಿ ಕಿತ್ತು ಹೊರಗ ಬರೂವಂಗ ಬಡಕೊಳ್ಳತಿತ್ತು. ಕಣ್ಣು ಮ್ಯಾಲೆ ಹೋಗಿ ಮೈ ಸೆಟದು ಬಿತ್ತು. ಅಯ್ಯೋ ದೇವರ, ನಾ ಗಾಡಿ ಹುಡುಕಾಕ ಓಡಿದೆ.

ವೀಳ್ಯದೆಲಿ ತುಂಬಿದ್ದ ಟೆಂಪೋ ಒಂದು ಸಿಕ್ತು. ಎಲಿ ಪೆಂಡಿ ನಡುವ ಅಕ್ಕನ ತಲಿ ತೊಡಿಮ್ಯಾಲೆ ಇಟಗೊಂಡು ಕುಂತೆ. ಬಂಕಾಪುರ ದಾಟೋತನಕ ಅಪ್ಪ ಜಪಾ ಮಾಡಾಕತ್ತಿದ್ರು. "ಜಪಾ ಸಾಕು ಮಾಡ್ರೀ ಅಪ್ಪಾ, ಡ್ರೈವರ್‌ಗ ಲಗು ಹೊಡಿ ಅನ್ರಿ!" ಅಂತ ಚೀರಿದೆ. ಅವರು ಜಪಾ ಬಿಟ್ಟು ಡ್ರೈವರನ ಹಿಂದಿನ ತಗಡು ಬಡದ್ರು.

ಶಿಗ್ಗಾಂವಿ ಡಾಕ್ಟ್ರು ಸೂಜಿ ಚುಚ್ಚಿ, ಆಕಿ ಸೆಟಗೊಂಡಿದ್ದು ಇಳದ ಮ್ಯಾಲೆ ನಮ್ಮ ಕಡೆ ತಿರುಗಿದ್ರು. "ತೇಯಾಕ ಯಾರ್ರೀ ಹೇಳಿದ್ದು? ಒಂದೊಂದು ಕಾಳಿಗೂ ಪದರ ಹಾಕಿರ್ತಾರ. ಹೊಟ್ಟ್ಯಾಗ ಸಾವಕಾಶ ಔಷಧ ಬಿಡ್ಲಿ ಅಂತ. ನೀವು ಅದನ್ನ ಪುಡಿ ಮಾಡಿ ಎಲ್ಲಾ ಒಮ್ಮೆಲೇ ಕೊಟ್ಟೀರಿ!"

ಅಕ್ಕ ಉಳದಳು. ನಾಕು ದಿನದ ಮ್ಯಾಲೆ ಅದ ಕ್ಯಾಪ್ಸೂಲ್, ಇಡೀದ ನುಂಗಿಸ್ರಿ ಅಂತ ಕೊಟ್ಟು ಕಳಿಸಿದ್ರು. ಆದ್ರ ಮನಿಗೆ ಬಂದ ಮ್ಯಾಲೆ ಅಕ್ಕ ಬಾಯಿನ ತೆರೀಲಿಲ್ಲ. ಸಂಜಿಗೆ ತುಟಿ ನೀಲಿ ಆಗಾಕತ್ತಿದ್ವು, ಹಲ್ಲು ಮಾತ್ರ ಬಿಗಿ ಹಿಡದಿದ್ಲು. ನಾ ಬೈದೆ, ಅತ್ತೆ, ಕಾಲು ಹಿಡದೆ. "ನೀವು ಕೊಟ್ಟಿದ್ದು ಒಲ್ಲೆ" ಅಂತ ತಲಿ ಅಲ್ಲಾಡಿಸಿದಳು. ಅವ್ವ ಕೈ ಸೆರಗಿನ್ಯಾಗ ಸುತ್ತಿಕೊಂಡು ಮೂಲ್ಯಾಗ ಕುಂತಿದ್ಲು, ಡಬ್ಬಿ ಮುಟ್ಟಾಕೂ ಅಂಜತಿದ್ಲು. ಕಣ್ಣ ಮುಂದ ಔಷಧ ಇಟಗೊಂಡು ಅಕ್ಕನ್ನ ಕಳಕೊಳ್ಳತೇವಿ ಅಂತ ನನಗ ಹುಚ್ಚು ಹಿಡಿಯೋದೊಂದು ಬಾಕಿ.

ಅಪ್ಪ ಎದ್ರು. ಡಬ್ಬಿಯಿಂದ ಒಂದು ಕ್ಯಾಪ್ಸೂಲ್ ತಗದು, ಸಿಪ್ಪಿ ಸುದ್ದಾ ತಮ್ಮ ಬಾಯಾಗ ಹಾಕ್ಕೊಂಡು ನೀರು ಕುಡದ್ರು. ಅಕ್ಕನ ಮುಂದ ಕುಂತು ಬಾಯಿ ಅಗಲ ತೆರದ್ರು.

"ನೋಡವಾ, ನಾ ನುಂಗೇನಿ."

ಅಕ್ಕ ಬಗ್ಗಿ ನೋಡಿದಳು. ನಾಲಿಗಿ ಎತ್ತು ಅಂತ ಬೆರಳು ಮಾಡಿದಳು. ಅಪ್ಪ ಎತ್ತಿ ತೋರಿಸಿದ್ರು. ಆಮ್ಯಾಲ ಆಕಿ ತನ್ನ ಬಾಯಿ ತೆರದಳು.