ಕುಡಿಯದ ಆಚಾರಿಯವರ ಲಿವರ್

ನಂಜುಂಡಾಚಾರಿಯವರು ಕಲ್ಲನ್ನು ಕೊಳ್ಳುವ ಮೊದಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಗಂಟೆಯಂತೆ ನುಡಿದರೆ ಸರಿ; ಡಬ್ ಎಂದರೆ ಒಳಗೆಲ್ಲೋ ಬಿರುಕು. "ಮೇಲೆ ಎಷ್ಟು ಚೆಂದ ಇದ್ರೂ ಬೇಡ ಮಿಸ್, ಮೂಗು ಕೆತ್ತೋವಾಗ ಕೈಕೊಡುತ್ತೆ" ಎನ್ನುವರು.

ಮಾಲೂರಿನ ಕಾನ್ವೆಂಟಿನಲ್ಲಿ ಅವರ ಮಗಳಿಗೆ ಇಂಗ್ಲಿಷ್ ಕಲಿಸಿದ್ದರಿಂದ, ರಿಟೈರ್ ಆದಮೇಲೂ ನಾನು ಅವರಿಗೆ ಮಿಸ್. ಶಿಲ್ಪಿಗಳ ಊರಾದ ಶಿವಾರಪಟ್ಟಣಕ್ಕೆ ಹೋದಾಗಲೆಲ್ಲ ಅವರ ಚಪ್ಪರದಡಿ ಕೂರುತ್ತಿದ್ದೆ. ದೇವರ ವಿಗ್ರಹದ ಕೆಲಸ ಹಿಡಿದರೆ, ಕೊನೆಗೆ ಕಣ್ಣು ಕೆತ್ತಿ ತೆರೆಯುವವರೆಗೂ ಅವರದು ಸ್ಟ್ರಿಕ್ಟ್ ವ್ರತ. ಮಾಂಸವಿಲ್ಲ, ಹೆಂಡವಂತೂ ಜನ್ಮದಲ್ಲೇ ಮುಟ್ಟಿದವರಲ್ಲ. ಹಸಿವಾದರೆ ಸಿಹಿ ಪೊಂಗಲ್, ರಸಾಯನ, ನಾಲ್ಕು ಚಮಚ ಸಕ್ಕರೆಯ ಕಾಫಿ. ಕೂತಲ್ಲೇ ಕೆಲಸ. ಹೊಟ್ಟೆ ಬೆಳೆಯಿತು.

"ಗಣಪತಿ ಕೆತ್ತಿ ಕೆತ್ತಿ ಇವ್ರೇ ಮಾಡೆಲ್ ಆಗ್ಬಿಟ್ರು ಮಿಸ್" ಎಂದು ಹೆಂಡತಿ ಸರೋಜಾ ಛೇಡಿಸಿದರೆ, "ಲೇ, ಪ್ರಸಾದ ತಿಂದು ಕೆಟ್ಟೋರು ಯಾರೇ?" ಎಂದು ನಗುವರು.

ಒಂದು ದಿನ ಬ್ಲಡ್ ಟೆಸ್ಟಿನ ರಿಪೋರ್ಟ್ ಹಿಡಿದು ಒಬ್ಬರೇ ನಮ್ಮ ಮನೆಗೆ ಬಂದರು. ಲಿವರಿನ ಸ್ಥಿತಿ ಹೇಳುವ ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಜಾಸ್ತಿ. ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್. ಡಾಕ್ಟರ್ ಬರೆದಿದ್ದನ್ನೆಲ್ಲ ಓದಿ ಹೇಳಿದೆ.

"ಲಿವರ್‌ನಲ್ಲಿ ಕೊಬ್ಬು ತುಂಬಿದೆ ಆಚಾರ್ರೇ. ಕುಡೀದೋರಿಗೂ ಬರುತ್ತೆ. ಈ ನಂಬರ್ ನಿಮ್ಮ ಕಲ್ಲಿನ ಸದ್ದಿದ್ದ ಹಾಗೆ. ಮುಂದೆ ಶುಗರ್, ಹಾರ್ಟ್ ಎಲ್ಲದಕ್ಕೂ ವಾರ್ನಿಂಗ್. ಸಿಹಿ ಬಿಡಿ, ದಿನಾ ನಡೀರಿ, ಮತ್ತೆ ಟೆಸ್ಟ್ ಮಾಡಿಸಿ."

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಲಿವರ್ ಅಂದ್ರೆ ಊರಲ್ಲಿ ಒಂದೇ ಅರ್ಥ. ಮುಳಬಾಗಿಲು ಕಡೆಯೋರು ಅಮ್ಮನವರ ವಿಗ್ರಹದ ಕೆಲಸ ಒಪ್ಪಿಸಿದಾರೆ. ಕುಡುಕನ ಕೈಲಿ ದೇವ್ರನ್ನ ಮಾಡಿಸ್ತಾರಾ? ಸರೋಜಂಗೂ ಹೇಳ್ಬೇಡಿ, ಅವಳ ಬಾಯಲ್ಲಿ ನಿಲ್ಲಲ್ಲ. ಪ್ರಾಮಿಸ್ ಮಾಡಿ ಮಿಸ್."

ಮಾಡಿದೆ. ಕೊಟ್ಟ ಮಾತು ಮುರಿಯುವುದು ಸಿನ್, ಪಾಪ ಎಂದು ಕಲಿತು ಬೆಳೆದವಳು ನಾನು. ಆಮೇಲೊಮ್ಮೆ ಸರೋಜಾ ನನ್ನೆದುರೇ ಅವರ ತಟ್ಟೆಗೆ ಇನ್ನೊಂದು ಸೌಟು ಪಾಯಸ ಬಡಿಸಿದಳು. ಅವರು ನನ್ನ ಕಡೆ ನೋಡದೆ ತಿಂದರು. ಹೊರಡುವಾಗ ಟೆಸ್ಟಿನ ವಿಷಯ ಕೇಳಿದೆ. "ಅಮ್ಮನವರು ಮುಗೀಲಿ ಮಿಸ್" ಎಂದರು.

ಅಮ್ಮನವರ ಕಣ್ಣು ತೆರೆಯಲು ವಾರವಿದೆ ಎನ್ನುವಾಗ, ಕೈಯಲ್ಲಿ ಉಳಿ ಹಿಡಿದೇ ಕುಸಿದರಂತೆ. ಹಾರ್ಟ್ ಅಟ್ಯಾಕ್. ಸಿಹಿ ಬಿಟ್ಟಿದ್ದರೆ ಉಳಿಯುತ್ತಿದ್ದರು ಎನ್ನಲು ನಾನು ಡಾಕ್ಟರಲ್ಲ. ಆದರೆ ಬಡಿಸುವವಳಿಗೆ ಗೊತ್ತಿರಬೇಕಿತ್ತು.

ಕಾರ್ಯವೆಲ್ಲ ಮುಗಿದ ಮೇಲೆ ಹೋದೆ. ಸರೋಜಾ ನನ್ನ ಕೈ ಹಿಡಿದು ಅತ್ತಳು. "ಹಿಂಗೆ ಏಕಾಏಕಿ ಕರ್ಕೊಂಡ್ಬಿಟ್ನಲ್ಲ ಮಿಸ್. ಒಂದ್ ಸೂಚನೆ ಆದ್ರೂ ಕೊಡ್ಬಾರ್ದಿತ್ತಾ ದೇವ್ರು?"

"ಕೊಟ್ಟಿದ್ದ ಸರೋಜಾ. ನನಗೆ ಗೊತ್ತಿತ್ತು" ಎಂದೆ.

ಅವಳು ನನ್ನ ಕೈ ಬಿಟ್ಟಳು.